ರಿಸರ್ಚ್ ತಂಡಕ್ಕೆ ರೋಗಿಯನ್ನೂ ಕರೆದರೆ

ಪ್ರಶ್ನೆ: ನನಗೆ 47 ವರ್ಷ, ಊರು ಬಂಟ್ವಾಳ ತಾಲೂಕು. ಪಿಯುಸಿಗೆ ಓದು ನಿಂತಿತು. ಹುಡುಗಿಯಾಗಿದ್ದಾಗಿನಿಂದ ಬೀಡಿ ಕಟ್ಟುತ್ತಿದ್ದೇನೆ. ಎಂಟು ವರ್ಷದ ಹಿಂದೆ ಬೆರಳಿನ ಗಂಟುಗಳು ಊದಿಕೊಂಡವು, ಮಂಗಳೂರಿನ ಆಸ್ಪತ್ರೆಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನಡೆಯುತ್ತಿದೆ. ನಡುವೆ ನಾನೇ ನಿಲ್ಲಿಸಿದ್ದೂ ಉಂಟು. ಹೋದ ತಿಂಗಳು ಡಾಕ್ಟ್ರು, ‘ಹೆಂಗಸರು ಈ ಮಾತ್ರೆಯನ್ನು ಅರ್ಧದಲ್ಲಿ ಯಾಕೆ ಬಿಡ್ತಾರೆ ಅಂತ ಒಂದು ಅಧ್ಯಯನ ಶುರು ಮಾಡ್ತಿದ್ದೇವೆ. ನೀವು ಪೇಷೆಂಟ್ ಪಾರ್ಟ್ನರ್ ಆಗಿ ತಂಡಕ್ಕೆ ಬನ್ನಿ’ ಎಂದರು. ‘ಪ್ರಯೋಗ ಮಾಡ್ಲಿಕ್ಕೆ ಜನ ಹುಡುಕ್ತಿದ್ದಾರೆ, ಹೋಗ್ಬೇಡ’ ಎನ್ನುತ್ತಾರೆ ನಮ್ಮವರು. ನನಗೆ ಇಂಗ್ಲಿಷ್ ಬರುವುದಿಲ್ಲ. ಆಗುವುದಿಲ್ಲ ಎಂದರೆ ಡಾಕ್ಟ್ರಿಗೆ ಬೇಸರವಾದೀತೋ ಎಂಬ ಹೆದರಿಕೆಯೂ ಇದೆ. ಮಗಳಿಗೆ ಗಂಡು ನೋಡುತ್ತಿದ್ದೇವೆ, ನನ್ನ ಕಾಯಿಲೆಯ ವಿಷಯ ಎಲ್ಲೋ ಅಚ್ಚಾದರೆ ಹೇಗೆ? ಇಂಥ ಕೆಲಸಕ್ಕೆ ನಾನು ಏನೆಲ್ಲ ಕಲಿತಿರಬೇಕು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ನನ್ನ ಉತ್ತರ ನಿಮಗೆ ಅನಿರೀಕ್ಷಿತ ಅನಿಸಬಹುದು. ಮಂಗಳೂರಿನಲ್ಲಿ ಸಮುದಾಯ ವೈದ್ಯಕೀಯದ ಕೆಲಸ ಮಾಡುತ್ತ, ಎಥಿಕ್ಸ್ ಕಮಿಟಿಯಲ್ಲಿ (ಸಂಶೋಧನೆಯಲ್ಲಿ ಜನರಿಗೆ ಅನ್ಯಾಯವಾಗದಂತೆ ನೋಡಿ ಒಪ್ಪಿಗೆ ಕೊಡುವ ಸಮಿತಿ) ಕೂತು ಹಲವಾರು ಸಂಶೋಧನಾ ಪ್ರಸ್ತಾವಗಳನ್ನು ಓದಿದವನು ನಾನು. ರೋಗಿಗಳನ್ನು ಜೊತೆಗಿಟ್ಟುಕೊಂಡು ಸಂಶೋಧನೆ ಮಾಡುವ ವಿಷಯದಲ್ಲಿ ಕಲಿಯಬೇಕಾದದ್ದು ಹೆಚ್ಚಾಗಿ ಇರುವುದು ನಮ್ಮ ಕಡೆ, ಅಂದರೆ ಡಾಕ್ಟರು, ಸಂಶೋಧಕರ ಕಡೆ. ನಿಮ್ಮ ಕಡೆಯಿಂದ ಬೇಕಾದದ್ದು ಸ್ವಲ್ಪವೇ. ಅದರಲ್ಲಿ ಅರ್ಧ ನಿಮಗೆ ಈಗಾಗಲೇ ಬರುತ್ತದೆ. ಹಾಗಾಗಿ ತಂಡ ನಿಮ್ಮನ್ನು ಪರೀಕ್ಷಿಸುವ ಮೊದಲು ನೀವೇ ತಂಡವನ್ನು ಪರೀಕ್ಷಿಸುವುದು ಹೇಗೆ ಎಂದು ಹೇಳುವುದು ಹೆಚ್ಚು ಉಪಯೋಗ.

ಅದಕ್ಕೂ ಮೊದಲು ನಿಮ್ಮ ಮನೆಯವರ ಮಾತು. ಅದನ್ನು ನಾನು ತಳ್ಳಿಹಾಕುವುದಿಲ್ಲ. 2009-10ರಲ್ಲಿ ಆಂಧ್ರಪ್ರದೇಶ ಮತ್ತು ಗುಜರಾತಿನಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ಯೋಜನೆ ನಡೆದಾಗ, ಆಂಧ್ರದಲ್ಲಿ ಎಷ್ಟೋ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಲಸಿಕೆ ಕೆಟ್ಟದ್ದೆಂದು ಇದರ ಅರ್ಥವಲ್ಲ, ಕೆಟ್ಟದ್ದು ಸಹಿ ಪಡೆದ ರೀತಿ. ಅಂಥ ಸುದ್ದಿ ಓದಿದವರು ಆಸ್ಪತ್ರೆಯವರು ‘ಅಧ್ಯಯನ’ ಎಂದ ಕೂಡಲೇ ಬೆಚ್ಚುವುದು ಸಹಜ.

ಆದರೆ ಇಲ್ಲಿ ಎರಡು ಬೇರೆ ಬೇರೆ ಪಾತ್ರಗಳಿವೆ. ಅಧ್ಯಯನಕ್ಕೆ ಒಳಪಡುವವರು ಒಂದು. ಅವರಿಂದ ರಕ್ತ ತೆಗೆಯಬಹುದು, ಪ್ರಶ್ನಾವಳಿ ತುಂಬಿಸಬಹುದು, ಕೆಲವು ಅಧ್ಯಯನಗಳಲ್ಲಿ ಹೊಸ ಔಷಧ ಕೊಡಬಹುದು. ಅವರಿಗೆ ಒಪ್ಪಿಗೆ ಪತ್ರ ಇರಲೇಬೇಕು. ಹೊಸ ಔಷಧದ ಪರೀಕ್ಷೆಯಾದರೆ 2019ರ ನಿಯಮಗಳ ಪ್ರಕಾರ, ಅದರಿಂದ ತೊಂದರೆಯಾದವರಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಸಿಗಬೇಕು. ಎರಡನೆಯದು ನಿಮ್ಮನ್ನು ಕರೆದಿರುವ ಪಾತ್ರ. ಅಲ್ಲಿ ನಿಮ್ಮ ಮೈಮೇಲೆ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು, ಯಾರನ್ನು ಕೇಳಬೇಕು, ಹೇಗೆ ಕೇಳಿದರೆ ಹೆಂಗಸರು ನಿಜ ಹೇಳುತ್ತಾರೆ, ಸಿಕ್ಕ ಉತ್ತರಕ್ಕೆ ಏನರ್ಥ, ಇದನ್ನೆಲ್ಲ ತೀರ್ಮಾನಿಸುವ ಮೇಜಿನ ಸುತ್ತ ನಿಮಗೂ ಒಂದು ಕುರ್ಚಿ. ಒಂದು ಎಚ್ಚರ: ಸಭೆಯಲ್ಲಿ ನೀವು ಆಡಿದ ಮಾತನ್ನು ರೆಕಾರ್ಡ್ ಮಾಡಿ, ‘47 ವರ್ಷದ ಬೀಡಿ ಕಾರ್ಮಿಕೆ ಹೀಗೆ ಹೇಳಿದರು’ ಎಂದು ಪ್ರಬಂಧದಲ್ಲಿ ಹಾಕುವುದಾದರೆ ನೀವು ಮೊದಲನೆಯ ಪಾತ್ರಕ್ಕೆ ಜಾರಿದಿರಿ ಎಂದು ಲೆಕ್ಕ. ಆಗ ಪ್ರತ್ಯೇಕ ಒಪ್ಪಿಗೆ ಬೇಕು. ಒಂದೇ ಅಧ್ಯಯನದಲ್ಲಿ ಎರಡೂ ಪಾತ್ರ ವಹಿಸದಿರುವುದು ಒಳ್ಳೆಯದು. ಪ್ರಶ್ನೆ ಬರೆದವರೇ ಉತ್ತರವನ್ನೂ ಕೊಟ್ಟರೆ ಫಲಿತಾಂಶದ ಮೇಲೆ ನಂಬಿಕೆ ಇಡುವುದು ಕಷ್ಟ.

ಇಷ್ಟಕ್ಕೂ ನಿಮ್ಮನ್ನೇ ಯಾಕೆ ಕರೆದರು? ನಿಮ್ಮದೇ ಕಾಯಿಲೆಯ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಕೀಲುರೋಗಗಳ ಔಷಧ ಪರೀಕ್ಷಿಸುವಾಗ ಏನನ್ನು ಅಳೆಯಬೇಕು ಎಂದು ಚರ್ಚಿಸುವ ‘ಓಮೆರಾಕ್ಟ್’ ಎಂಬ ಅಂತಾರಾಷ್ಟ್ರೀಯ ಕೂಟ 1992ರಿಂದ ಇದೆ. ಊದಿದ ಕೀಲು ಎಷ್ಟು, ನೋವು ಎಷ್ಟು, ರಕ್ತದಲ್ಲಿ ಉರಿಯೂತದ ಗುರುತು ಎಷ್ಟು, ಹೀಗೆ ಒಂದು ಪಟ್ಟಿಯನ್ನು ಅವರು ಆಗಲೇ ಮಾಡಿದ್ದರು. 2002ರ ಸಭೆಗೆ ಮೊದಲ ಬಾರಿ ರೋಗಿಗಳನ್ನೂ ಕೂರಿಸಿಕೊಂಡರು. ನಮ್ಮನ್ನು ಮಲಗಿಸುವುದು ಆಯಾಸ, ಅದು ನಿಮ್ಮ ಪಟ್ಟಿಯಲ್ಲೇ ಇಲ್ಲವಲ್ಲ ಎಂಬ ಮಾತು ಬಂದದ್ದು ಅವರಿಂದ. ನಮ್ಮ ಒಪಿಡಿಯಲ್ಲಿ ಹೆಂಗಸರು ‘ಬೇನೆಗಿಂತ ಬಚ್ಚೆಲೇ (ಆಯಾಸವೇ) ಜಾಸ್ತಿ’ ಎಂದು ತುಳು ಬೆರೆಸಿ ಹೇಳುವುದು ಅದನ್ನೇ. ಕೆಲವೇ ವರ್ಷಗಳಲ್ಲಿ, ಈ ಕಾಯಿಲೆಯ ಅಧ್ಯಯನಗಳಲ್ಲಿ ಆಯಾಸವನ್ನೂ ಅಳೆಯಬೇಕೆಂದು ಆ ಕೂಟ ಶಿಫಾರಸು ಮಾಡಿತು. ಜಗತ್ತಿನ ದೊಡ್ಡ ದೊಡ್ಡ ತಜ್ಞರು ಒಟ್ಟು ಸೇರಿಯೂ ಕಾಣದೆ ಹೋದದ್ದು, ಬೆಳಿಗ್ಗೆ ಏಳಲಾಗದೆ ಮಂಚದಲ್ಲೇ ಕೂತವರಿಗೆ ಕಂಡಿತ್ತು.

ಇನ್ನೊಂದು ಉದಾಹರಣೆ ಇನ್ನೂ ಹತ್ತಿರದ್ದು. ಕೈಕಾಲಿನ ಕೆಲಸಗಳಲ್ಲಿ ಎಷ್ಟು ತೊಂದರೆ ಇದೆ ಎಂದು ಅಳೆಯಲು ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ರೂಪಿಸಿ 1980ರಲ್ಲಿ ಪ್ರಕಟಿಸಿದ ‘ಎಚ್‌ಎಕ್ಯೂ’ ಎಂಬ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಮೂಲದಲ್ಲಿ ಮಾಂಸವನ್ನು ಕತ್ತರಿಸಿಕೊಳ್ಳಬಲ್ಲಿರಾ, ಹಾಲಿನ ಹೊಸ ಪೊಟ್ಟಣ ತೆರೆಯಬಲ್ಲಿರಾ, ಕಾರಿನ ಬಾಗಿಲು ತೆರೆಯಬಲ್ಲಿರಾ ಎಂಬ ಪ್ರಶ್ನೆಗಳಿವೆ. ಬಂಟ್ವಾಳದ ಹೆಂಗಸಿಗೆ ಕಾರಿನ ಬಾಗಿಲು ಯಾಕೆ? ಅವಳಿಗೆ ಕಷ್ಟವಾಗುವುದು ಕಾಯಿ ತುರಿಯುವಾಗ, ಒದ್ದೆ ಬಟ್ಟೆ ಹಿಂಡುವಾಗ, ಬಾವಿಯಿಂದ ಕೊಡಪಾನ ಎಳೆಯುವಾಗ, ಕುಕ್ಕರಿನ ಮುಚ್ಚಳ ತಿರುಗಿಸುವಾಗ. ಬೀಡಿಯ ಎಲೆ ಕತ್ತರಿಸುವುದು, ಸುರುಳಿ ಸುತ್ತುವುದು, ತುದಿ ಮಡಚುವುದು, ನೂಲು ಕಟ್ಟುವುದು, ಇವುಗಳಲ್ಲಿ ಯಾವ ಹಂತದಲ್ಲಿ ಯಾವ ಬೆರಳು ಕೈಕೊಡುತ್ತದೆ ಎಂದು ನೀವು ಹೇಳಬಲ್ಲಿರಿ. ನಾನು ಹೇಳಲಾರೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಲ್ಲಿ ಕೂರುವುದು ಮುಂತಾದವನ್ನು ಸೇರಿಸಿದ ಭಾರತೀಯ ರೂಪ ನಂತರ ಬಂತು. ಅದರಲ್ಲೂ ನಿಮ್ಮ ದಿನಚರಿ ಪೂರ್ತಿ ಇರಲಾರದು.

ಮಾತ್ರೆ ಬಿಡುವ ವಿಷಯದಲ್ಲಂತೂ ಈ ಮಾತು ಇನ್ನೂ ನಿಜ. ಡಾಕ್ಟರ ಕಡತದಲ್ಲಿ ‘ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ’ ಎಂಬ ಒಂದು ಸಾಲು ಇರುತ್ತದೆ. ಅದರ ಹಿಂದೆ ಏನಿರುತ್ತದೆ? ಮಾತ್ರೆ ನುಂಗಿದ ಮರುದಿನ ಹೊಟ್ಟೆ ತೊಳೆಸಿ, ಹೊಗೆಸೊಪ್ಪಿನ ವಾಸನೆ ಬಂದರೆ ವಾಂತಿ ಬರುವ ಹಾಗಾಗುತ್ತದೆ. ಆ ದಿನ ಬೀಡಿ ಕಟ್ಟಲಾಗುವುದಿಲ್ಲ, ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ಲೆಕ್ಕ ತಪ್ಪುತ್ತದೆ. ಯಾರೋ ಮೊಬೈಲಿನಲ್ಲಿ ನೋಡಿ ‘ಇದು ಕ್ಯಾನ್ಸರಿನ ಮಾತ್ರೆ’ ಎನ್ನುತ್ತಾರೆ. ಕ್ಯಾನ್ಸರಿಗೂ ಇದನ್ನು ಕೊಡುವುದುಂಟು, ಆದರೆ ಪ್ರಮಾಣ ಬಹಳ ಹೆಚ್ಚು. ನಿಮ್ಮ ಕಾಯಿಲೆಗೆ ಕೊಡುವುದು ವಾರಕ್ಕೊಮ್ಮೆ ಕಡಿಮೆ ಪ್ರಮಾಣದಲ್ಲಿ. ಈ ವ್ಯತ್ಯಾಸವನ್ನು ಯಾರೂ ಹೇಳಿರುವುದಿಲ್ಲ. ಮಗು ಬೇಕೆನ್ನುವ ಎಳೆಯ ಹೆಂಗಸರು ಗರ್ಭ ಧರಿಸುವ ಮೊದಲು ಇದನ್ನು ಬಿಡಲೇಬೇಕು, ಹಾಗೆ ಬಿಟ್ಟವರೂ ಕಡತದಲ್ಲಿ ‘ಬಿಟ್ಟವರು’ ಎಂದೇ ಸೇರಿಹೋಗಬಹುದು. ನೀವು ಯಾಕೆ ನಿಲ್ಲಿಸಿದ್ದಿರಿ ಎಂದು ಪತ್ರದಲ್ಲಿ ಬರೆದಿಲ್ಲ. ಆದರೆ ಆ ಕಾರಣವನ್ನು ನಿಮ್ಮ ಡಾಕ್ಟರಿಗೆ ಹೇಳಿದ್ದೀರಾ? ಇಲ್ಲವಾದರೆ ಯಾಕೆ ಹೇಳಲಿಲ್ಲ? ಆ ಎರಡನೆಯ ‘ಯಾಕೆ’ಗೆ ಉತ್ತರ ಸಿಗುವಂತೆ ಪ್ರಶ್ನಾವಳಿ ಮಾಡುವುದು ನಿಮ್ಮಂಥವರು ಇಲ್ಲದೆ ಆಗದ ಕೆಲಸ. (ಸಂಶೋಧನೆಗೆ ಸಂಬಂಧಿಸದ ಒಂದು ಮಾತು: ತಪ್ಪಿದ ವಾರದ ಮಾತ್ರೆಯನ್ನು ಮುಂದಿನ ವಾರ ಸೇರಿಸಿ ಎರಡು ಪಾಲು ನುಂಗಬೇಡಿ, ಯಾವ ಕಾರಣಕ್ಕೂ ದಿನಾಲೂ ನುಂಗಬೇಡಿ. ಪ್ರಾಣಕ್ಕೆ ಅಪಾಯ.)

ಈಗ ನಿಮಗೆ ಬೇಕಾದ ಕೌಶಲಗಳು. ಇಂಗ್ಲಿಷ್ ಅದರಲ್ಲಿ ಸೇರಿಲ್ಲ. ಅಂಕಿಅಂಶದ ಲೆಕ್ಕವೂ ಬೇಡ, ಅದಕ್ಕೆ ತಂಡದಲ್ಲಿ ಬೇರೆಯವರಿರುತ್ತಾರೆ.

ಬೇಕಾದದ್ದರಲ್ಲಿ ಕಷ್ಟದ್ದು ಯಾವುದು ಎಂದರೆ, ನಿಮ್ಮ ಅನುಭವವನ್ನೂ ಇತರರ ಅನುಭವವನ್ನೂ ಬೇರೆಬೇರೆಯಾಗಿ ಹಿಡಿದಿಟ್ಟುಕೊಳ್ಳುವುದು. ‘ನನಗೆ ಹೀಗಾಯಿತು’ ಎಂಬುದು ಗಟ್ಟಿ ಮಾತು. ‘ಎಲ್ಲರಿಗೂ ಹೀಗೇ ಆಗುತ್ತದೆ’ ಎಂಬುದು ಅಷ್ಟು ಗಟ್ಟಿಯಲ್ಲ. ಎಂಟು ವರ್ಷ ಅನುಭವಿಸಿದವರಿಗೆ ತಮ್ಮ ದಾರಿಯೇ ಎಲ್ಲರ ದಾರಿ ಅನಿಸಿಬಿಡುತ್ತದೆ. ಡಾಕ್ಟರಿಗೂ ಹಾಗೆ ಅನಿಸುತ್ತದೆ ಬಿಡಿ, ನಮ್ಮ ಒಪಿಡಿಗೆ ಬಂದವರೇ ಜಗತ್ತು ಎಂದುಕೊಳ್ಳುತ್ತೇವೆ. ‘ನನಗೆ ವಾಂತಿಯ ತೊಂದರೆ. ನಮ್ಮ ಸಂಘದಲ್ಲಿ ಇನ್ನೊಬ್ಬರಿಗೆ ಅದಿಲ್ಲ, ಅವರಿಗೆ ರಕ್ತಪರೀಕ್ಷೆಯ ಖರ್ಚಿನ ತೊಂದರೆ’ ಎಂದು ನೀವು ಬೇರ್ಪಡಿಸಿ ಹೇಳಿದರೆ, ಪ್ರಶ್ನಾವಳಿಯಲ್ಲಿ ಎರಡು ಹೊಸ ಪ್ರಶ್ನೆ ಸೇರುತ್ತವೆ. ಸ್ವಸಹಾಯ ಸಂಘದಲ್ಲಿ ಓಡಾಡಿದವರಿಗೆ ಇದು ಸುಲಭವಾಗಿ ಬರುತ್ತದೆ. ಒಬ್ಬಳ ಕಷ್ಟ ಯಾವುದು, ಇಡೀ ಗುಂಪಿನ ಕಷ್ಟ ಯಾವುದು ಎಂದು ತೂಗಿ ನೋಡುವ ಅಭ್ಯಾಸ ಅಲ್ಲಿ ಆಗಿರುತ್ತದೆ.

ಗುಟ್ಟು ಕಾಯುವುದು ಎರಡನೆಯದು. ನಮ್ಮ ಕಡೆ ಊರು ಚಿಕ್ಕದು. ಅಧ್ಯಯನಕ್ಕೆ ಬಂದವರಲ್ಲಿ ನಿಮ್ಮ ನೆಂಟರ ಮನೆಯವರು ಇರಬಹುದು, ಅದೇ ಬ್ರಾಂಚಿಗೆ ಬೀಡಿ ಕೊಡುವವರು ಇರಬಹುದು. ಹೆಸರಿರುವ ಕಾಗದಗಳನ್ನು ನಿಮಗೆ ತೋರಿಸಬಾರದು. ಅದು ತಂಡದ ಹೊಣೆ. ಹೆಸರಿಲ್ಲದಿದ್ದರೂ ‘ಇಂಥ ಊರಿನ, ಎರಡು ಮಕ್ಕಳ, ಗಂಡ ಗಲ್ಫಿನಲ್ಲಿರುವ ಹೆಂಗಸು’ ಎಂದು ಓದಿದ ತಕ್ಷಣ ನಿಮಗೆ ಯಾರೆಂದು ಹೊಳೆಯಬಹುದು. ಹೊಳೆದರೆ ತಂಡಕ್ಕೆ ಹೇಳಿ ಆ ಕಡತದಿಂದ ಹಿಂದೆ ಸರಿಯಿರಿ, ಮನೆಯಲ್ಲೂ ಯಾರಿಗೂ ಹೇಳಬೇಡಿ.

ಇನ್ನೊಂದು, ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನುವುದು, ಎರಡನೆಯ ಸಲವೂ ಅರ್ಥವಾಗದಿದ್ದರೆ ಎರಡನೆಯ ಸಲವೂ ಹಾಗೆಯೇ ಹೇಳುವುದು. ಎಥಿಕ್ಸ್ ಕಮಿಟಿಯಲ್ಲಿ ವೈದ್ಯರಲ್ಲದ ಒಬ್ಬ ಸಾಮಾನ್ಯ ನಾಗರಿಕರು ಇರಲೇಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ನಾನು ಕಂಡ ಅಂಥ ಸದಸ್ಯರಲ್ಲಿ ಹೆಚ್ಚು ಉಪಯೋಗಕ್ಕೆ ಬಂದವರು ಕಾನೂನು, ವಿಜ್ಞಾನ ಓದಿಕೊಂಡು ಬಂದವರಲ್ಲ. ‘ಈ ವಾಕ್ಯ ಓದಿದರೆ ನನ್ನ ತಾಯಿಗೆ ಏನೂ ಗೊತ್ತಾಗುವುದಿಲ್ಲ’ ಎಂದು ಕಾಗದ ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದವರು.

ಕೊನೆಯದಾಗಿ, ಹೇಳಿದ್ದೆಲ್ಲ ಆಗುವುದಿಲ್ಲ ಎಂಬ ತಾಳ್ಮೆ. ಮೊದಲು ಹೇಳಿದ ಪ್ರಶ್ನಾವಳಿಯನ್ನೇ ತೆಗೆದುಕೊಳ್ಳಿ. ಕಾರಿನ ಬಾಗಿಲಿನ ಪ್ರಶ್ನೆ ತೆಗೆದು ಕಾಯಿ ತುರಿಯುವುದನ್ನು ಹಾಕಿ ಎಂದು ನೀವು ಹೇಳಿದರೆ ತಂಡ ‘ಆಗುವುದಿಲ್ಲ’ ಎನ್ನಬಹುದು. ನೂರಾರು ಜನರ ಮೇಲೆ ಪರೀಕ್ಷಿಸಿ ಒಪ್ಪಿಕೊಂಡ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ ಬದಲಿಸಿದರೂ ಅಂಕ ಕೊಡುವ ಲೆಕ್ಕ ಬದಲಾಗುತ್ತದೆ, ಬೇರೆ ಅಧ್ಯಯನಗಳ ಜೊತೆ ಹೋಲಿಸಲು ಬರುವುದಿಲ್ಲ, ಮತ್ತೆ ಪರೀಕ್ಷಿಸಬೇಕಾಗುತ್ತದೆ. ಇದು ನಿಜವಾದ ಕಾರಣ, ನೆಪವಲ್ಲ. ಹಾಗಿದ್ದರೂ ಆ ಪ್ರಶ್ನಾವಳಿಯನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಊರಿನ ಕೆಲಸಗಳ ನಾಲ್ಕು ಪ್ರಶ್ನೆ ಪ್ರತ್ಯೇಕವಾಗಿ ಸೇರಿಸಬಹುದು. ‘ಅದಾದರೂ ಆಗುತ್ತದಾ?’ ಎಂದು ಕೇಳಿ.

ಇನ್ನು ತಂಡದ ಕಡೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಡಾಕ್ಟ್ರೇ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಆಯ್ತಾ, ಇನ್ನು ಆಗ್ಬೇಕಾ?’ ಒಪ್ಪಿಗೆ ಸಿಕ್ಕ ಮೇಲೆ ಪ್ರಶ್ನಾವಳಿಯನ್ನೋ ಒಪ್ಪಿಗೆ ಪತ್ರವನ್ನೋ ಬದಲಿಸಬೇಕಾದರೆ ಅದು ತಿರುಗಿ ಕಮಿಟಿಗೆ ಹೋಗಬೇಕು, ಆ ರಗಳೆ ಯಾರಿಗೂ ಬೇಡ. ಹಾಗಾಗಿ ಎಲ್ಲ ಮುಗಿಸಿದ ಮೇಲೆ ರೋಗಿಯನ್ನು ಕರೆದರೆ, ಮನೆ ಕಟ್ಟಿ ಸುಣ್ಣ ಬಳಿದಾದ ಮೇಲೆ ಬಾಗಿಲು ಎಲ್ಲಿಡೋಣ ಎಂದು ಕೇಳಿದ ಹಾಗೆ. ನಿಮ್ಮ ಡಾಕ್ಟರು ‘ಶುರು ಮಾಡ್ತಿದ್ದೇವೆ’ ಎಂದಿದ್ದಾರೆ. ಪ್ರಸ್ತಾವ ಇನ್ನೂ ಬರೆಯುತ್ತಿದ್ದಾರೆ ಎಂದಾದರೆ ಒಳ್ಳೆಯ ಲಕ್ಷಣ. ಎಂ.ಡಿ. ಓದುವ ವಿದ್ಯಾರ್ಥಿಯ ಪ್ರಬಂಧವಾದರೆ ಸ್ವಲ್ಪ ಯೋಚಿಸಿ. ಅವರಿಗೆ ಮೂರು ವರ್ಷದ ಗಡುವು, ಕೈಯಲ್ಲಿ ದುಡ್ಡಿಲ್ಲ, ವಿಷಯ ಮೊದಲ ವರ್ಷವೇ ನಿಗದಿಯಾಗಿರುತ್ತದೆ. ಒಳ್ಳೆಯ ಮನಸ್ಸಿದ್ದರೂ ನಿಮ್ಮ ಮಾತಿಗೆ ಜಾಗ ಕಡಿಮೆ.

ಸಭೆ ಎಷ್ಟು ಗಂಟೆಗೆ ಇಡುತ್ತಾರೆ ಎನ್ನುವುದರಿಂದಲೂ ತುಂಬ ತಿಳಿಯುತ್ತದೆ. ನಿಮ್ಮ ಕಾಯಿಲೆಯಲ್ಲಿ ಬೆಳಿಗ್ಗೆ ಕೀಲು ಬಿಗಿದಿರುತ್ತದೆ ಎಂದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಹಾಗಿದ್ದೂ ಬೆಳಿಗ್ಗೆ ಒಂಬತ್ತಕ್ಕೆ ಸಭೆ ಕರೆಯುವ ಕೀಲುರೋಗ ತಜ್ಞರನ್ನು ನಾನು ನೋಡಿದ್ದೇನೆ. ಬಂಟ್ವಾಳದ ಒಳಗಿನ ಹಳ್ಳಿಯಿಂದ ಮಂಗಳೂರಿಗೆ ಬರುವವರು ಬೀಡಿ ಕೊಡುವ ಹೊತ್ತು, ಬಸ್ಸು, ಜೂನ್-ಜುಲೈಯ ಮಳೆ ಎಲ್ಲವನ್ನೂ ಲೆಕ್ಕ ಹಾಕಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರನ್ನು ಮಳೆಗಾಲದ ಜ್ವರದ ದಿನಗಳಲ್ಲಿ ಒಪಿಡಿಯ ಗದ್ದಲದ ನಡುವೆ ಕೂರಿಸುವುದೂ ಸರಿಯಲ್ಲ. ಪಂಚಾಯತಿನ ಸಭಾಭವನದಲ್ಲಿ, ಭಜನಾ ಮಂದಿರದಲ್ಲಿ, ಚರ್ಚಿನ ಹಾಲಿನಲ್ಲಿ, ಮದರಸದ ಮೇಲಿನ ಕೋಣೆಯಲ್ಲಿ ಸಭೆ ಆಗಬಾರದು ಎಂದೇನಿಲ್ಲ. ಮಲ್ಪೆಯ ಮೀನುಗಾರರ ಜೊತೆ ಕೆಲಸ ಮಾಡುವವರಿಗೆ ಇದು ಗೊತ್ತು: ಯಾಂತ್ರಿಕ ದೋಣಿಗಳು ದಡಕ್ಕೆ ಬರುವ ಜೂನ್, ಜುಲೈ ಬಿಟ್ಟು ಬೇರೆ ತಿಂಗಳಲ್ಲಿ ಗಂಡಸರನ್ನು ಸಭೆಗೆ ಕರೆದರೆ ಖಾಲಿ ಕುರ್ಚಿಗಳ ಜೊತೆ ಮಾತಾಡಬೇಕು.

ಭಾಷೆಯ ಕೌಶಲ ತಂಡಕ್ಕೇ ಬೇಕು. ನಮ್ಮ ಜಿಲ್ಲೆಯಲ್ಲಿ ಪ್ರಶ್ನಾವಳಿ ಕನ್ನಡದಲ್ಲಿ ಅಚ್ಚಾಗಿರುತ್ತದೆ, ಮನೆಯ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಪ್ರಶ್ನೆ ಕೇಳಲು ಹೋದ ಹುಡುಗ ಹುಡುಗಿಯರು ಕಾಗದ ನೋಡುತ್ತ ಅಲ್ಲೇ ತಮಗೆ ತೋಚಿದ ಹಾಗೆ ಮನೆಮಾತಿನಲ್ಲಿ ಕೇಳುತ್ತಾರೆ. ಒಬ್ಬೊಬ್ಬರು ಒಂದೊಂದು ಥರ. ಒಂದೇ ಪ್ರಶ್ನೆಗೆ ಬಂದ ನೂರು ಉತ್ತರ ನಿಜಕ್ಕೂ ನಾಲ್ಕೈದು ಬೇರೆ ಪ್ರಶ್ನೆಗಳ ಉತ್ತರವಾಗಿಬಿಡುತ್ತದೆ. ತುಳುವಿನಲ್ಲಿ ಹೇಗೆ ಕೇಳಬೇಕೆಂದು ಮೊದಲೇ ಕೂತು ಒಂದು ಪಠ್ಯ ಸಿದ್ಧಮಾಡಿ, ಅದನ್ನು ಕನ್ನಡ ಲಿಪಿಯಲ್ಲೇ ಬರೆದು ಎಲ್ಲರ ಕೈಗೂ ಕೊಟ್ಟರೆ ಇದು ತಪ್ಪುತ್ತದೆ. ಆ ಕೂಟದಲ್ಲಿ ನೀವು ಇದ್ದರೆ ಡಾಕ್ಟರಿಗಿಂತ ಹೆಚ್ಚು ಉಪಯೋಗ. ಸಭೆಗೆ ಒಂದು ವಾರ ಮೊದಲು, ಎರಡು ಪುಟದಲ್ಲಿ, ಕನ್ನಡದಲ್ಲಿ, ಅಧ್ಯಯನದ ಸಾರಾಂಶ ಕಳುಹಿಸಿ ಎಂದು ಕೇಳಿ. ಅದನ್ನು ಬರೆಯಲಾಗದ ತಂಡಕ್ಕೆ ತಾನು ಏನು ಮಾಡಹೊರಟಿದ್ದೇನೆ ಎಂಬುದು ಇನ್ನೂ ತಿಳಿಯಾಗಿಲ್ಲ ಎಂದು ಧೈರ್ಯವಾಗಿ ತಿಳಿಯಿರಿ.

ಸಭೆ ನಡೆಸುವುದೂ ಒಂದು ವಿದ್ಯೆ, ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಅದನ್ನು ಹೇಳಿಕೊಡುವುದು ಅಪರೂಪ. ಪ್ರೊಫೆಸರ್ ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಆಮೇಲೆ ಬಾಯಿ ತೆರೆಯುವವರು ಯಾರು? ಬಲ್ಲವರು ರೋಗಿಗಳನ್ನು ಮೊದಲು ಮಾತಾಡಿಸುತ್ತಾರೆ, ತಾವು ಕೊನೆಗೆ ಮಾತಾಡುತ್ತಾರೆ. ‘ನಿಮಗೇನಾದರೂ ಹೇಳಲಿಕ್ಕಿದೆಯಾ?’ ಎಂದು ಸಭೆಯ ಕೊನೆಯ ಐದು ನಿಮಿಷದಲ್ಲಿ ಕೇಳುವವರಿಗೆ ಉತ್ತರ ಬೇಕಾಗಿಲ್ಲ. ಮುಂದಿನ ಸಭೆಯಲ್ಲಿ, ‘ಹೋದ ಸಲ ನೀವು ಹೇಳಿದ ಮೂರು ಮಾತಿನಲ್ಲಿ ಎರಡನ್ನು ಸೇರಿಸಿದೆವು, ಒಂದನ್ನು ಈ ಕಾರಣಕ್ಕೆ ಬಿಟ್ಟೆವು’ ಎಂದು ಬರೆದು ಕೊಡುವ ತಂಡ ಸಿಕ್ಕರೆ ಬಿಡಬೇಡಿ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ ಕಡೆ ಗೇರು ತೋಟಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳಿಗೆ ಹೋದರೆ, ಬರೆದುಕೊಂಡು ಹೋದವರು ಬಹಳ, ಏನು ಕಂಡಿರಿ ಎಂದು ತಿರುಗಿ ಬಂದು ಹೇಳಿದವರು ಇಲ್ಲ ಎಂಬ ಮಾತು ಕಿವಿಗೆ ಬೀಳುತ್ತದೆ. ಆ ಸಿಟ್ಟು ನ್ಯಾಯವಾದದ್ದು.

ಡಾಕ್ಟರಿಗೆ ಬೇಸರವಾದೀತೆಂಬ ನಿಮ್ಮ ಹೆದರಿಕೆಗೆ ಎರಡೇ ಮಾತು. ಒಪ್ಪದಿದ್ದರೂ, ನಡುವೆ ಬಿಟ್ಟರೂ ಚಿಕಿತ್ಸೆಯಲ್ಲಿ ವ್ಯತ್ಯಾಸ ಆಗಬಾರದು ಎಂಬುದು ಅಧ್ಯಯನಕ್ಕೆ ಒಳಪಡುವವರಿಗೆ ಐಸಿಎಂಆರ್ ಮಾರ್ಗಸೂಚಿಯಲ್ಲೇ ಇರುವ ರಕ್ಷಣೆ. ತಂಡದಲ್ಲಿ ಕೂರುವವರಿಗೂ ಅದೇ ನ್ಯಾಯ. ಆದರೆ ಮಾರ್ಗಸೂಚಿಯಲ್ಲಿ ಇದ್ದ ಮಾತ್ರಕ್ಕೆ ನಮ್ಮ ಸಂಕೋಚ ಹೋಗುವುದಿಲ್ಲ, ಗೊತ್ತು. ಎಂಟು ವರ್ಷ ನೋಡಿಕೊಂಡ ಡಾಕ್ಟರ ಎದುರು ‘ಇಲ್ಲ’ ಎನ್ನುವುದು ಸುಲಭವಲ್ಲ. ಹಾಗಾಗಿ ‘ಇದರ ಬಗ್ಗೆ ಮಾತಾಡ್ಲಿಕ್ಕೆ ನಿಮ್ಮನ್ನು ಬಿಟ್ಟು ತಂಡದ ಬೇರೆ ಯಾರಾದ್ರೂ ಇದ್ದಾರಾ ಡಾಕ್ಟ್ರೇ?’ ಎಂದು ಕೇಳಿ. ತಿಳಿದ ಡಾಕ್ಟರು ಅದರಿಂದ ನೊಂದುಕೊಳ್ಳುವುದಿಲ್ಲ. ಚಿಕಿತ್ಸೆಯ ಭೇಟಿ ಬೇರೆ, ಅಧ್ಯಯನದ ಮಾತು ಬೇರೆ ದಿನ.

ಎಷ್ಟರ ಮಟ್ಟಿಗೆ ಒಳಗೆ ಹೋಗಬೇಕು ಎಂಬುದನ್ನೂ ನೀವೇ ಆರಿಸಬಹುದು. ಪ್ರಶ್ನಾವಳಿ, ಒಪ್ಪಿಗೆ ಪತ್ರ ಇವುಗಳನ್ನು ಒಂದೆರಡು ಸಲ ಓದಿ ಅಭಿಪ್ರಾಯ ಹೇಳುವುದು ಹಗುರವಾದ ದಾರಿ. ಹೊರೆ ಕಡಿಮೆ, ಆದರೆ ‘ರೋಗಿಗಳ ಸಹಭಾಗಿತ್ವ ಇತ್ತು’ ಎಂದು ಪ್ರಬಂಧದಲ್ಲಿ ಒಂದು ಸಾಲು ಬರೆದುಕೊಳ್ಳಲಿಕ್ಕಷ್ಟೇ ನಿಮ್ಮನ್ನು ಬಳಸಿಕೊಳ್ಳುವ ಸಾಧ್ಯತೆ ಇಲ್ಲೇ ಹೆಚ್ಚು. ಐದಾರು ರೋಗಿಗಳ ಸಲಹಾ ಗುಂಪಿನಲ್ಲಿ ಸೇರುವುದು ಇನ್ನೊಂದು. ಒಬ್ಬರೇ ಇರುವುದಿಲ್ಲ, ಒಬ್ಬರಿಗೆ ನೋವು ಜಾಸ್ತಿಯಾದ ದಿನ ಇನ್ನೊಬ್ಬರಿರುತ್ತಾರೆ. ಆದರೆ ಜೋರು ಗಂಟಲಿನವರ ಮಾತೇ ನಡೆದುಬಿಡಬಹುದು. ಮೊದಲಿನಿಂದ ಕೊನೆಯವರೆಗೆ ತಂಡದ ಸದಸ್ಯೆಯಾಗಿ, ಬೇರೆ ಹೆಂಗಸರ ಸಂದರ್ಶನವನ್ನೂ ಮಾಡುವುದು ಮೂರನೆಯದು. ಅದಕ್ಕೆ ತರಬೇತಿ ಬೇಕು. ನಿಮ್ಮ ಕಾಯಿಲೆಯೇ ಇನ್ನೂ ಕೆಟ್ಟ ಹಂತ ತಲುಪಿದವರ ಬಾಯಿಂದ ಅವರ ಕತೆ ಕೇಳಬೇಕಾಗುತ್ತದೆ, ಅದು ಮನಸ್ಸಿಗೆ ಭಾರ. ಹೆಂಗಸರು ಬಿಳಿ ಕೋಟಿನವರಿಗೆ ಹೇಳದ್ದನ್ನು ನಿಮಗೆ ಹೇಳುತ್ತಾರೆ ಎಂಬುದೂ ಅಷ್ಟೇ ನಿಜ. ನನ್ನನ್ನು ಕೇಳಿದರೆ, ಮೊದಲು ಎರಡನೆಯ ದಾರಿ ಹಿಡಿಯಿರಿ. ಗುಂಪು ಮಾಡಿಲ್ಲ, ನೀವೊಬ್ಬರೇ ಎಂದರೆ, ಕಡೇಪಕ್ಷ ಇನ್ನೊಬ್ಬ ರೋಗಿಯನ್ನು ಕರೆಸಿ, ಆಮೇಲೆ ಬರುತ್ತೇನೆ ಎನ್ನಿ.

ದುಡ್ಡಿನ ಮಾತು ಕೇಳಲು ನಾಚಿಕೆ ಪಡಬೇಡಿ. ಸಭೆಗೆ ಬಂದ ದಿನ ಬೀಡಿ ಕಟ್ಟಲಾಗುವುದಿಲ್ಲ. ಆ ದಿನದ ಕೂಲಿ, ಬಸ್ಸಿನ ಅಥವಾ ರಿಕ್ಷಾದ ಬಾಡಿಗೆ, ಊಟ, ಇಷ್ಟು ಕನಿಷ್ಠ. ಅನುದಾನ ಸಿಕ್ಕ ಯೋಜನೆಯಾದರೆ ಇದನ್ನು ಬಜೆಟಿನಲ್ಲೇ ಬರೆಯಬಹುದು, ಬರೆಯಬೇಕು. ಮೇಜಿನ ಸುತ್ತ ಕೂತ ಉಳಿದ ಎಲ್ಲರಿಗೂ ಆ ಹೊತ್ತಿಗೆ ಸಂಬಳ ನಡೆಯುತ್ತಿರುವಾಗ ನಿಮ್ಮದು ಮಾತ್ರ ಸೇವೆ ಎನ್ನುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಹೆಸರಿನ ವಿಷಯ ನಿಮ್ಮ ಪತ್ರದಲ್ಲಿ ಕೊನೆಗೆ ಬಂದರೂ ನಿಮಗೆ ದೊಡ್ಡದು ಅದೇ ಎಂ‌ದು ನನಗನಿಸಿತು. ಕಾಯಿಲೆಯ ಬಗ್ಗೆ ಮೊದಲು: ಮನೆಯಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ಆದರೆ ಬಹುಪಾಲು ಮಕ್ಕಳಿಗೆ ಬರುವುದೇ ಇಲ್ಲ. ಗಂಡಿನ ಕಡೆಯವರು ಕೇಳಿದರೂ ಇಷ್ಟೇ ಹೇಳಿ. ಇನ್ನು ಪ್ರಬಂಧದಲ್ಲಿ ಹೆಸರು. ಅಧ್ಯಯನದ ಯೋಚನೆಯಲ್ಲೂ ಬರವಣಿಗೆಯಲ್ಲೂ ನಿಮ್ಮ ಪಾಲು ದೊಡ್ಡದಾಗಿದ್ದರೆ ಲೇಖಕರ ಸಾಲಿನಲ್ಲೇ ನಿಮ್ಮ ಹೆಸರು ಬರಬಹುದು. ಅಷ್ಟಿಲ್ಲದಿದ್ದರೆ ಕೊನೆಯಲ್ಲಿ ಕೃತಜ್ಞತೆಯಾಗಿ. ಎರಡಕ್ಕೂ ನಿಮ್ಮ ಒಪ್ಪಿಗೆ ಬೇಕು. ‘ಬಂಟ್ವಾಳದ ಒಬ್ಬ ರೋಗಿ ಪ್ರತಿನಿಧಿ’ ಎಂದು ಹೆಸರಿಲ್ಲದೆ ಹಾಕಿಸಿಕೊಳ್ಳುವುದೂ ಆಗುತ್ತದೆ. ಇಂಟರ್ನೆಟ್ಟಿಗೆ ಹೋದ ಪ್ರಬಂಧ ಅಲ್ಲೇ ಇರುತ್ತದೆ, ಮಗಳ ಮದುವೆಯಾಗಿ ಮೊಮ್ಮಕ್ಕಳಾದ ಮೇಲೂ. ಫೋಟೊ, ವಾರ್ತಾಪತ್ರಿಕೆ, ಕಾಲೇಜಿನ ಫೇಸ್‌ಬುಕ್ ಪುಟ ಇವಕ್ಕೂ ಬೇರೆಬೇರೆ ಒಪ್ಪಿಗೆ ಕೇಳಲಿ. ಸಮಾರಂಭದಲ್ಲಿ ಶಾಲು ಹೊದೆಸಿ ತೆಗೆದ ಫೋಟೊದಿಂದಲೇ ಊರಿಗೆಲ್ಲ ವಿಷಯ ತಿಳಿದುಬಿಡುವುದು.

ಒಪ್ಪುವುದಾದರೆ ಒಂದು ಪುಟದ ಪತ್ರ ಬರೆಸಿಕೊಳ್ಳಿ, ಕನ್ನಡದಲ್ಲಿ. ನಿಮ್ಮ ಕೆಲಸ ಏನು, ತಿಂಗಳಿಗೆ ಎಷ್ಟು ಹೊತ್ತು, ಎಷ್ಟು ಭತ್ಯೆ, ಹೆಸರು ಹಾಕಬೇಕೋ ಬೇಡವೋ, ತಕರಾರಿದ್ದರೆ ಯಾರಿಗೆ ಫೋನ್ ಮಾಡಬೇಕು, ಕಾಯಿಲೆ ಉಲ್ಬಣಿಸಿದ ದಿನಗಳಲ್ಲಿ ಕಾರಣ ಕೊಡದೆ ಬಾರದಿರಬಹುದೇ, ಇವು ಅದರಲ್ಲಿರಲಿ. ಎಥಿಕ್ಸ್ ಕಮಿಟಿಯ ಕಾರ್ಯದರ್ಶಿಯ ಫೋನ್ ನಂಬರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಆ ಕಮಿಟಿಯ ಅಧ್ಯಕ್ಷರು ಆಸ್ಪತ್ರೆಯ ಹೊರಗಿನವರೇ ಆಗಿರಬೇಕೆಂಬ ನಿಯಮವಿದೆ, ಹಾಗಾಗಿ ಅಲ್ಲಿಗೆ ಹೋದ ಮಾತು ನಿಮ್ಮ ಡಾಕ್ಟರ ಕೈಯಲ್ಲೇ ಉಳಿಯುವುದಿಲ್ಲ. ಬಿಡಬೇಕೆನಿಸಿದರೆ ಒಂದು ಸಾಲು ಬರೆದು ಕೊಟ್ಟರೆ ಸಾಕು. ಹೆಸರು ಹಾಕಲು ಮೊದಲು ಒಪ್ಪಿದ್ದರೆ, ಅದನ್ನು ತೆಗೆಯಲು ಪ್ರಬಂಧ ಪ್ರಕಟವಾಗುವ ಮೊದಲೇ ಹೇಳಿ; ಪ್ರಕಟವಾದ ಮೇಲೆ ತೆಗೆಸುವುದು ಬಹಳ ಕಷ್ಟ.